ಇಪ್ಪತ್ತೆಂಟು ದಿನ

ಮೂಡಲಗಿ
10 ಮಾರ್ಚ್ 2024

ವಿದ್ಯಾ,

ಪತ್ರ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಈ ಕಾಲದಲ್ಲಿ ಕಾಗದ ಬರೆಯುವವಳು ಇವಳೊಬ್ಬಳೇ ಎಂದು ನೀನು ನಗುವುದು ನನಗೆ ಇಲ್ಲಿಗೇ ಕೇಳಿಸುತ್ತದೆ. ಏನು ಮಾಡಲಿ, ನಮ್ಮ ಮನೆಯ ಫೋನು ಅಬ್ಬಾನ ಕಿಸೆಯಲ್ಲಿರುತ್ತದೆ. ಅವರಿಗೆ ಕಿವಿ ಮಂದವಾದ ಮೇಲೆ ಸ್ಪೀಕರ್ ಹಾಕದೆ ಮಾತೇ ಇಲ್ಲ, ನಮ್ಮ ಮನೆಯ ಸುದ್ದಿ ಓಣಿಗೆಲ್ಲ ಪುಕ್ಕಟೆ. ನಾನು ಕೇಳಬೇಕಾದದ್ದು ಓಣಿಗೆ ಗೊತ್ತಾಗಬಾರದು. ಅದಕ್ಕೇ ಇದನ್ನು ಖೈರುನಬಿ ಫೂಫಿಯ ಬಳೆಪೆಟ್ಟಿಗೆಯಲ್ಲಿ ಹಾಕಿ ಕಳಿಸುತ್ತಿದ್ದೇನೆ. ಅಬ್ಬಾನ ಅಕ್ಕ ಈಕೆ, ನಿನಗೆ ಗೊತ್ತಲ್ಲ, ಗೋಕಾಕ, ಹುಕ್ಕೇರಿ ಎಂದು ಸಂತೆ ಸಂತೆ ತಿರುಗಿ ಬಳೆ ಮಾರುತ್ತಾಳೆ. ಒಂದಕ್ಷರ ಓದಲು ಬಾರದು, ಹಾಗಾಗಿ ಅವಳಷ್ಟು ನಂಬಿಕೆಯ ಅಂಚೆಯವರು ಇನ್ನೊಬ್ಬರಿಲ್ಲ.

ನನ್ನ ನಿಕಾಹ್ ಗೊತ್ತಾಗಿದೆ. ಮೇ 26. ಹುಡುಗ ಹುಕ್ಕೇರಿಯವನು, ಹೆಸರು ರಮೀಜ. ನಿಡಸೋಸಿಯ ಕಾಲೇಜಿಗೆ ಹುಡುಗರನ್ನು ಒಯ್ಯುವ ಬಸ್ಸು ಓಡಿಸುತ್ತಾನೆ. ಹೆಚ್ಚು ಮಾತಿಲ್ಲ, ಚಹಾ ಕೊಟ್ಟಾಗ ಬಸಿಯಲ್ಲಿ ಚೆಲ್ಲಿದ್ದನ್ನು ಮೆಲ್ಲಗೆ ಕರವಸ್ತ್ರದಿಂದ ಒರೆಸಿಕೊಂಡ. ಅಷ್ಟಕ್ಕೇ ನನಗೆ ಹಿಡಿಸಿಬಿಟ್ಟ.

ನೋಡಲು ಬಂದ ದಿನ ನಾನು ಲೆನ್ಸ್ ಹಾಕಿಕೊಂಡಿದ್ದೆ. ಅವನ ತಾಯಿ, "ಕಣ್ಣು ಕಿವಿ ಎಲ್ಲಾ ಚೊಲೊ ಅದಾವಲ್ರಿ?" ಎಂದು ಕೇಳಿದರು. ಅಬ್ಬಾ, "ಆರಿ ಕೆಲಸ ಮಾಡತಾಳ್ರಿ ನಮ್ಮ ಹುಡುಗಿ, ಸಾಸಿವಿಯಂಥ ಮಣಿ ಪೋಣಸತಾಳ" ಎಂದರು. ಅದೇನೂ ಸುಳ್ಳಲ್ಲ. ಆದರೆ ನನ್ನ ಕಣ್ಣಿನ ನಂಬರು ಒಂಬತ್ತು ಎಂದಾಗಲಿ, ಐದು ವರ್ಷದಿಂದ ಬೆಳಿಗ್ಗೆ ಎದ್ದು ಮೊದಲು ಆ ಗಟ್ಟಿ ಲೆನ್ಸ್ ಹುಡುಕುತ್ತೇನೆ ಎಂದಾಗಲಿ ಹೇಳಲಿಲ್ಲ. ಈಗ ಅಬ್ಬಾನಿಗೆ ಊಟ ಸೇರುತ್ತಿಲ್ಲ. ಆ ಮನೆಯಲ್ಲಿ ಡಬ್ಬಿ, ಬಾಟಲಿ ಎಲ್ಲಿ ಬಚ್ಚಿಡುತ್ತೀ ಎನ್ನುತ್ತಾರೆ. ನಿಕಾಹ್ ಮುಂಚೆ ಲೇಸರ್ ಮಾಡಿಸಿಬಿಟ್ಟರೆ ಸುಳ್ಳು ತಾನಾಗಿ ನಿಜವಾಗುತ್ತದಲ್ಲ. ಕಣ್ಣು ಅಳೆಯುವ ಯಂತ್ರದ ಮುಂದೆ ಕೂರುವವಳು ನೀನೇ ಇರುವಾಗ ನಾನು ಬೇರೆ ಯಾರನ್ನು ಕೇಳಲಿ? ಎಷ್ಟು ಬೇಗ ಆಗುತ್ತದೆ ತಿಳಿಸು.

ನಿನ್ನ ನಾಜಿಯಾ


ಗೋಕಾಕ
14 ಮಾರ್ಚ್ 2024

ನಾಜಿಯಾ,

ನಿನ್ನ ಫೂಫಿ ನನಗೆ ಅರ್ಧ ಡಜನ್ ಹಸಿರು ಬಳೆ ತೊಡಿಸಿದ ಮೇಲೆಯೇ ಪತ್ರ ಕೈಗೆ ಕೊಟ್ಟರು. ಕ್ಲಿನಿಕ್ಕಿನಲ್ಲಿ ಯಂತ್ರಕ್ಕೆ ಕೈ ಹಾಕಿದಾಗಲೆಲ್ಲ ಝಣ್ ಎನ್ನುತ್ತವೆ, ಡಾಕ್ಟರು ತಿರುಗಿ ತಿರುಗಿ ನೋಡುತ್ತಾರೆ. ಆ ಮಾತು ಇರಲಿ. ರಮೀಜ ಎಂಬ ಹೆಸರನ್ನು ನೀನು ಬರೆದಿರುವ ಅಕ್ಷರ ಉಳಿದವಕ್ಕಿಂತ ದುಂಡಗಿವೆ, ಅದನ್ನು ಗಮನಿಸಿದ್ದೇನೆ.

ಡಾಕ್ಟರನ್ನು ಕೇಳಿದೆ. ಅವರು ತಿಂಗಳಿಗೊಮ್ಮೆ ನಮ್ಮ ರೋಗಿಗಳನ್ನು ಬೆಳಗಾವಿಗೆ ಕರೆದೊಯ್ದು ಅಲ್ಲಿ ತಾವೇ ಲೇಸರ್ ಮಾಡುತ್ತಾರೆ. ಏಪ್ರಿಲ್ 20ಕ್ಕೆ ಜಾಗ ಇದೆ. ಆದರೆ ಒಂದು ಕಟ್ಟುನಿಟ್ಟು. ಅಳತೆಗೆ ಮೊದಲು ನಾಲ್ಕು ವಾರ, ಅಂದರೆ ಪೂರ್ತಿ ಇಪ್ಪತ್ತೆಂಟು ದಿನ, ನೀನು ಲೆನ್ಸ್ ಮುಟ್ಟಬಾರದು.

ಏಕೆಂದು ಹೇಳುತ್ತೇನೆ, ಕೇಳು. ಬಿಗಿ ಉಂಗುರ ತೆಗೆದಾಗ ಬೆರಳ ಮೇಲೆ ತಗ್ಗು ಕಾಣುತ್ತದಲ್ಲ, ಆಮೇಲೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಕಣ್ಣಿನ ಮುಂಭಾಗದ ಗಾಜಿನಂಥ ಪದರವೂ ಹಾಗೆಯೇ. ಗಟ್ಟಿ ಲೆನ್ಸ್ ಅದನ್ನು ಐದು ವರ್ಷ ಒತ್ತಿ ಹಿಡಿದಿದೆ. ಅದು ತನ್ನ ಸ್ವಂತ ಆಕಾರಕ್ಕೆ ಮರಳಲು ವಾರಗಳು ಬೇಕು. ನಮ್ಮ ಯಂತ್ರ ಆ ಪದರದ ಉಬ್ಬುತಗ್ಗಿನ ನಕ್ಷೆ ತೆಗೆಯುತ್ತದೆ, ಲೇಸರ್ ಎಲ್ಲಿ ಎಷ್ಟು ಸವೆಸಬೇಕು ಎಂಬುದು ಆ ನಕ್ಷೆಯ ಮೇಲೆ. ಇನ್ನೊಂದು ಸಂಗತಿ ಇದೆ. ಕೆಲವರ ಕಣ್ಣಿನ ಪದರ ತೆಳ್ಳಗಾಗಿ ಮುಂದಕ್ಕೆ ಚೂಪಾಗುತ್ತಿರುತ್ತದೆ, ಗಟ್ಟಿ ಲೆನ್ಸ್ ಆ ಚೂಪನ್ನು ಒತ್ತಿ ಮುಚ್ಚಿಬಿಡುತ್ತದೆ. ಅಂಥ ಕಣ್ಣಿಗೆ ಲೇಸರ್ ಮಾಡಲೇಬಾರದು. ನಿನ್ನದು ಅಂಥದ್ದಲ್ಲ ಎಂದು ಖಾತ್ರಿಯಾಗಲಿ ಎಂದೇ ಈ ಕಾಯುವಿಕೆ.

ಮಾರ್ಚ್ 18ಕ್ಕೆ ಲೆನ್ಸ್ ತೆಗೆ. ಏಪ್ರಿಲ್ 15ಕ್ಕೆ ನನ್ನ ಮುಂದೆ ಬಂದು ಕೂರು. ನಡುವೆ ಹಳೇ ಕನ್ನಡಕ ಹಾಕಿಕೊ. ಮತ್ತೆ ಲೆನ್ಸಿನ ಡಬ್ಬಿಯನ್ನು ಫೂಫಿಯ ಕೈಯಲ್ಲಿ ನನಗೇ ಕಳಿಸು. ಹಲ್ಲು ನೋವೆಂದು ಏಳನೇ ತರಗತಿಯಲ್ಲಿ ಚಾಕಲೇಟು ಬಿಟ್ಟೆನೆಂದು ಆಣೆ ಮಾಡಿ ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡವಳು ನೀನು, ಅದನ್ನು ನಾನು ಮರೆತಿಲ್ಲ.

ವಿದ್ಯಾ


ಮೂಡಲಗಿ
20 ಮಾರ್ಚ್ 2024

ವಿದ್ಯಾ ಮೇಡಂ ಅವರಿಗೆ,

ತಗೊಳ್ಳಿ ನಿಮ್ಮ ಡಬ್ಬಿ. ಬಳೆಗಳ ಕೆಳಗೆ ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ. ಈಗ ಸಮಾಧಾನವೇ?

ಹಳೇ ಕನ್ನಡಕ ಪೆಟ್ಟಿಗೆಯಿಂದ ಹೊರಗೆ ಬಂದಿದೆ. ಸೋಡಾ ಬಾಟಲಿಯ ತಳ ಇದಕ್ಕಿಂತ ತೆಳ್ಳಗಿರುತ್ತದೆ. ಅದರಲ್ಲೂ ಅರ್ಧವೇ ಕಾಣುವುದು, ಕನ್ನಡಕದಿಂದ ನನಗೆ ಎಂದೂ ಪೂರ್ತಿ ಸ್ಪಷ್ಟ ಆಗಿಲ್ಲ, ನಿನಗೆ ಗೊತ್ತು. ರಮಜಾನ್ ಶುರುವಾಗಿದೆ. ಈದ್‌ಗೆ ಕೊಡಬೇಕಾದ ಹದಿನಾಲ್ಕು ಕುಪ್ಪಸಗಳ ತೋಳು ಫ್ರೇಮಿಗೇರಿ ಕೂತಿವೆ. ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ ಮಣಿ ಹಾಕುತ್ತೇನೆ. ಉಪವಾಸದ ಬಾಯಿ, ಬಗ್ಗಿದ ಬೆನ್ನು, ಮೇಲೆ ನಿನ್ನ ಕಟ್ಟುನಿಟ್ಟು.

ಇನ್ನೊಂದು ಪೀಕಲಾಟ. ಈದ್ ದಿನ ಹುಕ್ಕೇರಿಯಿಂದ ಅವರ ಮನೆಯ ಹೆಂಗಸರು ಈದಿ ತರುತ್ತಾರೆ. ಗೊತ್ತಾದ ಹುಡುಗಿಗೆ ಬಟ್ಟೆ, ಸಿಹಿ, ಬಳೆ ತಂದು ಕೈಯಾರೆ ಕೊಡುವುದು ನಮ್ಮಲ್ಲಿ ಪದ್ಧತಿ. ಆ ದಿನ ಕನ್ನಡಕ ಹಾಕಿ ಕೂರುವಂತಿಲ್ಲ, ಹಾಕದಿದ್ದರೆ ಅತ್ತೆಯ ಬದಲು ಕಂಬಕ್ಕೆ ಸಲಾಂ ಹೇಳಿಯೇನು. ಏನೋ ಮಾಡುತ್ತೇನೆ ಬಿಡು.

ನಾಜಿಯಾ


ಗೋಕಾಕ
26 ಮಾರ್ಚ್ 2024

ನಾಜಿಯಾ,

ಡಬ್ಬಿ ಬಂತು. ತೆರೆದು ನೋಡಿದೆ. ನನ್ನ ಟ್ರಂಕಿನಲ್ಲಿ ಇಟ್ಟಿದ್ದೇನೆ.

ನೀನು ಹಾಕಿಕೊಳ್ಳುತ್ತಿದ್ದವು ಇವೇ ತಾನೆ? ಇವೇ ಎಂದು ಒಂದು ಸಾಲು ಬರೆ, ಇನ್ನೊಮ್ಮೆ ಕೇಳುವುದಿಲ್ಲ.

ವಿದ್ಯಾ


ಮೂಡಲಗಿ
12 ಏಪ್ರಿಲ್ 2024

ವಿದ್ಯಾ,

ಇವೇ. ಇನ್ನೆಷ್ಟು ಜೊತೆ ಇಟ್ಟುಕೊಂಡಿರುತ್ತೇನೆ ನಾನು?

ನಿನ್ನೆ ಈದ್ ಸುಸೂತ್ರ ಮುಗಿಯಿತು. ಐದು ಜನ ಹೆಂಗಸರು ಬಂದಿದ್ದರು. ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಕನ್ನಡಕವೂ ಇರಲಿಲ್ಲ, ಏನೂ ಇರಲಿಲ್ಲ. ಧ್ವನಿ ಹಿಡಿದೇ ಯಾರು ಯಾರೆಂದು ತಿಳಿದುಕೊಂಡೆ. ಅತ್ತೆ ನನ್ನ ಪಕ್ಕದಲ್ಲೇ ಕೂತು ಸುರ್‌ಕುರ್ಮಾ ತಿನ್ನಿಸಿದರು. ಅವರ ಮೂಗುಬೊಟ್ಟಿನ ಹರಳಿನಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಆದರೂ ಬದಲಾಯಿಸಿಲ್ಲ. ಅವರ ತಾಯಿಯದಂತೆ. ರಮೀಜ ಒಳಗೆ ಬರುವ ಹಾಗಿರಲಿಲ್ಲ, ರಸ್ತೆಯ ಆಚೆ ಟಂಟಂ ಗಾಡಿಗೆ ಒರಗಿ ನಿಂತಿದ್ದ. ಬಿಳಿ ಅಂಗಿಯ ಎರಡನೇ ಗುಂಡಿ ಹೋಗಿ ಅಲ್ಲಿ ಕಂದು ಗುಂಡಿ ಹಚ್ಚಿಕೊಂಡಿದ್ದಾನೆ. ಮೊದಲು ಆ ಗುಂಡಿ ಕಿತ್ತು ಸರಿಯಾದ್ದು ಹಚ್ಚಬೇಕು ಅನಿಸಿತು. ನಗಬೇಡ.

ಸೋಮವಾರ ಬರುತ್ತೇನೆ. ಇಪ್ಪತ್ತೆಂಟು ದಿನ, ಒಂದೊಂದೂ ಎಣಿಸಿದ್ದೇನೆ.

ನಾಜಿಯಾ


ಮೂಡಲಗಿ
20 ಮೇ 2024

ನನ್ನ ಬಂಗಾರದಂಥ ವಿದ್ಯಾ,

ಕಾಣಿಸುತ್ತದೆ. ಇದನ್ನು ಬರೆಯಲು ಒಂದು ತಿಂಗಳು ತಡ ಮಾಡಿದೆ, ಏಕೆಂದರೆ ನೋಡುವುದರಲ್ಲೇ ದಿನ ಕಳೆದುಹೋದವು. ಕಣ್ಣು ಬಿಟ್ಟ ಕೂಡಲೇ ಗೋಡೆಯ ಗಡಿಯಾರ. ಆಚೆ ಮನೆಯ ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆಯ ಎಳೆ. ಬಸ್ಸಿನ ಬೋರ್ಡು ಅದು ತಿರುವಿನಲ್ಲಿ ಇರುವಾಗಲೇ ಓದುತ್ತೇನೆ, ಓದಿ ಗಟ್ಟಿಯಾಗಿ ಹೇಳುತ್ತೇನೆ, ಅಬ್ಬಾ ಕೇಳಿ ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ.

ಅಳತೆಯ ದಿನ ನೀನೇಕೆ ಅಷ್ಟು ಸುಮ್ಮನಿದ್ದೆ? ಗಲ್ಲ ಯಂತ್ರದ ಮೇಲೆ ಇಟ್ಟಾಗ ಒಂದಾದರೂ ಚೇಷ್ಟೆ ಮಾಡುತ್ತೀ ಎಂದುಕೊಂಡಿದ್ದೆ. ನೌಕರಿಯಲ್ಲಿ ನೀನು ದೊಡ್ಡವಳಾಗಿಬಿಟ್ಟಿದ್ದೀ. ಇರಲಿ, ಈ ಕಣ್ಣು ನೀನು ಕೊಟ್ಟದ್ದು. 26ಕ್ಕೆ ಬರಲೇಬೇಕು, ಬರದಿದ್ದರೆ ನಾನು ಕಬೂಲ್ ಎನ್ನುವುದಿಲ್ಲ.

ನಾಜಿಯಾ


ಗೋಕಾಕ
23 ಮೇ 2024

ನಾಜಿಯಾ,

ಬರುತ್ತೇನೆ. ಬರುವಾಗ ಹನಿಗಳ ಎರಡು ಬಾಟಲಿ ತರುತ್ತೇನೆ, ಸೀರೆಗಳ ನಡುವೆ ಇಟ್ಟುಕೊ. ಕಣ್ಣು ಉಜ್ಜಬೇಡ. ಮೂರನೇ ತಿಂಗಳು ಮತ್ತು ಆರನೇ ತಿಂಗಳು ತಪಾಸಣೆಗೆ ಬರಬೇಕು, ಹುಕ್ಕೇರಿಯಿಂದ ಗೋಕಾಕ ಏನೂ ಬಹಳ ದೂರವಲ್ಲ.

ಈ ಕಣ್ಣು ನಾನು ಕೊಟ್ಟದ್ದು ಎಂದು ಯಾರ ಮುಂದೆಯೂ ಹೇಳಬೇಡ.

ವಿದ್ಯಾ


ಹುಕ್ಕೇರಿ
17 ಸೆಪ್ಟೆಂಬರ್ 2024

ವಿದ್ಯಾ,

ನಾಲ್ಕು ತಿಂಗಳಾಯಿತು ನಿನಗೆ ಬರೆಯದೆ. ಬೈಯಬೇಡ, ಸುಖವಾಗಿದ್ದವರು ಯಾರೂ ಪತ್ರ ಬರೆಯುವುದಿಲ್ಲ. ಅತ್ತೆ ಬಾಯಿ ಜೋರು, ಮನಸ್ಸು ಮೆತ್ತಗೆ. ಇವರು ಬೆಳಿಗ್ಗೆ ಬಸ್ಸು ಒಯ್ದರೆ ಸಂಜೆಗೇ ಬರುವುದು, ಬರುವಾಗ ಹತ್ತರಗಿಯ ಹೆದ್ದಾರಿಯಿಂದ ಏನಾದರೂ ತಿನ್ನಲು ಕಟ್ಟಿಸಿಕೊಂಡು ಬರುತ್ತಾರೆ. ಫ್ರೇಮ್ ಹಾಕಲು ಪಡಸಾಲೆಯಲ್ಲಿ ಬೆಳಕಿನ ಜಾಗ ಬಿಟ್ಟುಕೊಟ್ಟಿದ್ದಾರೆ.

ಒಂದು ಸಣ್ಣ ಸಂಗತಿ. ನಿನ್ನೆ ಈದ್ ಮಿಲಾದ್‌ಗೆ ಓಣಿ ತುಂಬ ದೀಪದ ಸರ ಕಟ್ಟಿದ್ದರು. ನನಗೆ ಒಂದೊಂದು ದೀಪಕ್ಕೂ ಬಾಲ ಕಾಣಿಸಿತು, ಎಲ್ಲ ಬಾಲವೂ ಕೆಳಗೆ ಎಡಕ್ಕೆ. ನೋಡಲು ಚೆಂದವೇ ಇತ್ತು. ಇವರನ್ನು ಕೇಳಿದೆ, "ದೀಪಕ್ಕ ಬಾಲ ಎಲ್ಲಿಂದ ಬರ್ತಾವ?" ಎಂದು ನಕ್ಕರು. ಎಡಗಣ್ಣು ಸ್ವಲ್ಪ ಮಂಜು ಅನಿಸುತ್ತದೆ, ತೊಳೆದುಕೊಂಡರೂ ಹೋಗುವುದಿಲ್ಲ. ಮೂರನೇ ತಿಂಗಳ ತಪಾಸಣೆಗೆ ಬರಲಾಗಲಿಲ್ಲ. ಕಣ್ಣಿನ ದವಾಖಾನೆಗೆ ಹೋಗುತ್ತೇನೆಂದು ಈ ಮನೆಯಲ್ಲಿ ಯಾವ ಬಾಯಿಯಿಂದ ಹೇಳಲಿ? ಇದು ಎಲ್ಲರಿಗೂ ಆಗುವುದೇ ಅಲ್ಲವೇ?

ನಾಜಿಯಾ


ಗೋಕಾಕ
25 ಸೆಪ್ಟೆಂಬರ್ 2024

ನಾಜಿಯಾ,

ಒಣಕಣ್ಣಿರಬೇಕು. ಲೇಸರ್ ಆದವರಲ್ಲಿ ಬಹಳ ಜನಕ್ಕೆ ಆಗುತ್ತದೆ. ಫೂಫಿಯ ಕೈಯಲ್ಲಿ ಹನಿ ಕಳಿಸಿದ್ದೇನೆ, ದಿನಕ್ಕೆ ನಾಲ್ಕು ಸಲ ಹಾಕಿಕೊ. ಸಾಧ್ಯವಾದಾಗ ಬಾ. ಅವಸರವೇನಿಲ್ಲ.

ವಿದ್ಯಾ


ಹುಕ್ಕೇರಿ
4 ಫೆಬ್ರವರಿ 2025

ವಿದ್ಯಾ,

ಅಕ್ಷರ ಇಷ್ಟು ದಪ್ಪ ಏಕೆ ಎನ್ನಬೇಡ. ಅಂಗಡಿಯವನು ಈ ಕಪ್ಪು ಮಾರ್ಕರ್ ಪೆನ್ನನ್ನೇ ಕೊಟ್ಟ, ಇದರಲ್ಲಿ ಬರೆಯುವುದು ಮಜವಾಗಿದೆ.

ಕಳೆದ ವಾರ ಅಕ್ಕಿಯಲ್ಲಿ ಮೂರು ಹಳ್ಳು ಉಳಿದಿದ್ದವು. ಒಂದು ಮಾವನ ಹಲ್ಲಿಗೇ ಸಿಕ್ಕಿತು. ಅತ್ತೆ ಮರುದಿನದಿಂದ ಮೊರ ತಾವೇ ತೆಗೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಆರಿ ಕೆಲಸ ಬೇಸರ ಬಂತೆಂದು ಹೇಳಿ ಫ್ರೇಮ್ ಮಡಿಸಿ ಇಟ್ಟಿದ್ದೇನೆ. ನಿನಗೊಬ್ಬಳಿಗೆ ನಿಜ ಹೇಳುತ್ತೇನೆ, ಒಂದು ಮಣಿ ನನಗೆ ನಾಲ್ಕಾಗಿ ಕಾಣುತ್ತದೆ. ನಾಲ್ಕರಲ್ಲಿ ಯಾವುದು ಖರೆಯದು ಎಂದು ಸೂಜಿಯ ತುದಿಯಿಂದ ಮುಟ್ಟಿ ಮುಟ್ಟಿ ನೋಡಬೇಕು. ಬೆರಳ ತುದಿಯೆಲ್ಲ ತೂತಾಗಿದೆ. ಬಹಳ ಹೆದರಿಕೆಯಾಗುತ್ತಿದೆ, ವಿದ್ಯಾ.

ತಿಂಗಳ ಕೊನೆಗೆ ತವರಿಗೆ ಬರುತ್ತೇನೆ. ಅಲ್ಲಿಂದ ನಿನ್ನ ಹತ್ತಿರ.

ನಾಜಿಯಾ


ಗೋಕಾಕ
3 ಮಾರ್ಚ್ 2025

ನಾಜಿಯಾ,

ಮೊನ್ನೆ ನಿನ್ನ ಮುಂದೆ ಡಾಕ್ಟರು ಅರ್ಧವೇ ಹೇಳಿದರು. ನೀನು ಹೋದ ಮೇಲೆ ಉಳಿದದ್ದನ್ನು ನನಗೆ ಹೇಳಿದರು. ನಿನಗೆ ತಿಳಿಯಬೇಕಾದ್ದು ನಿನಗೆ ತಿಳಿಯಲಿ.

ನಿನ್ನ ಕಣ್ಣಿನ ಪದರ ಮೊದಲಿನಿಂದಲೂ ತೆಳ್ಳಗಾಗಿ ಚೂಪಾಗುವ ಜಾತಿಯದು. ಕನ್ನಡಕದಲ್ಲಿ ನಿನಗೆ ಎಂದೂ ಪೂರ್ತಿ ಕಾಣದಿದ್ದದ್ದು ಅದಕ್ಕೇ. ಗಟ್ಟಿ ಲೆನ್ಸ್ ಅದನ್ನು ಒತ್ತಿ ಸಮ ಮಾಡಿ ಇಟ್ಟಿತ್ತು. ಕಳೆದ ವರ್ಷದ ನಕ್ಷೆಯಲ್ಲಿ ಆ ಚೂಪು ಕಾಣಲಿಲ್ಲ. ತೆಳ್ಳಗಿದ್ದದ್ದನ್ನು ಲೇಸರ್ ಇನ್ನೂ ಸವೆಸಿತು. ಈಗ ಅದಕ್ಕೆ ತಡೆಯುವ ಶಕ್ತಿಯಿಲ್ಲ, ದಿನದಿನಕ್ಕೆ ಮುಂದೆ ಬಾಗುತ್ತಿದೆ. ಮೊನ್ನೆಯ ನಕ್ಷೆಯಲ್ಲಿ ಎರಡೂ ಕಣ್ಣಿನ ನಡುಭಾಗ ಕೆಂಪು, ಅಂದರೆ ಅಲ್ಲಿ ಚೂಪು ಏರಿದೆ. ಬೆಳಗಾವಿಯಲ್ಲಿ ಹಳದಿ ಹನಿ ಹಾಕಿ ನೀಲಿ ಬೆಳಕು ಹಿಡಿಯುವ ಚಿಕಿತ್ಸೆಯಿದೆ. ಅದು ಹೋದದ್ದನ್ನು ತರುವುದಿಲ್ಲ, ಇದ್ದಲ್ಲಿಗೆ ನಿಲ್ಲಿಸಬಹುದು ಅಷ್ಟೇ. ಬೇಗ ಮಾಡಿಸು, ಮನೆಯಲ್ಲಿ ಏನಾದರೂ ಹೇಳಿ ಮಾಡಿಸು.

ಡಾಕ್ಟರು ಹಳೇ ಫಾರ್ಮು ತೆಗೆಸಿ, "ಇಪ್ಪತ್ತೆಂಟು ದಿನ ಅಂತ ಬರದಿ. ಖರೆ ಏನು?" ಎಂದು ನನ್ನನ್ನು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದೆ.

ನಾಜಿಯಾ, ಆ ದಿನಗಳಲ್ಲಿ ನೀನು ನಿಜವಾಗಿ ಲೆನ್ಸ್ ಬಿಟ್ಟಿದ್ದೆಯಾ?

ವಿದ್ಯಾ


ಹುಕ್ಕೇರಿ
27 ಏಪ್ರಿಲ್ 2025

ವಿದ್ಯಾ,

ನಿನ್ನ ಪತ್ರ ಓದಲು ಸ್ವಲ್ಪ ಹೊತ್ತು ಹಿಡಿಯಿತು. ಇರುವೆ ಸಾಲಿನಂತೆ ಬರೆಯುತ್ತೀ, ಮೊದಲಿನಿಂದಲೂ ಹಾಗೇ.

ಬಿಟ್ಟಿರಲಿಲ್ಲ. ಒಂದು ದಿನವೂ ಬಿಟ್ಟಿರಲಿಲ್ಲ. ನಿನಗೆ ಕಳಿಸಿದ್ದು ಹಳೇ ಜೊತೆ.

ನನ್ನನ್ನು ಬೈಯುವ ಮೊದಲು ನಾನು ಅಂದುಕೊಂಡದ್ದನ್ನು ಕೇಳು. ನಾವು ಆರಿ ಕೆಲಸದವರು ಬಟ್ಟೆಯನ್ನು ಸುಮ್ಮನೆ ನೆಲದ ಮೇಲೆ ಹಾಸಿ ಚಿತ್ರ ಬರೆಯುವುದಿಲ್ಲ. ಮೊದಲು ಫ್ರೇಮಿಗೆ ಹಾಕಿ ನಾಲ್ಕೂ ಕಡೆ ಎಳೆದು ಬಿಗಿಯುತ್ತೇವೆ, ಬೆರಳಿನಿಂದ ಬಡಿದರೆ ಹಲಗೆಯಂತೆ ಸದ್ದು ಬರಬೇಕು, ಆಮೇಲೆ ಅಳತೆ. ಸಡಿಲ ಬಟ್ಟೆಯ ಮೇಲೆ ಅಳತೆ ಹಾಕಿದರೆ ಹೂವೆಲ್ಲ ಸೊಟ್ಟ. ಲೆನ್ಸ್ ಕಣ್ಣನ್ನು ಒತ್ತಿ ದುಂಡಗೆ ಹಿಡಿಯುತ್ತದೆ ಎಂದು ನೀನೇ ಬರೆದಿದ್ದೆ. ಹಾಗಾದರೆ ಅದು ನೆಟ್ಟಗಿರುವಾಗ ಅಳೆದರೇ ಒಳ್ಳೆಯದಲ್ಲವೇ, ಜೋತುಬಿದ್ದ ಮೇಲೆ ಏಕೆ ಅಳೆಯಬೇಕು ಎಂದುಕೊಂಡೆ. ಡಾಕ್ಟರುಗಳು ಸುಮ್ಮನೆ ಸತಾಯಿಸುತ್ತಾರೆ ಎಂದುಕೊಂಡೆ. ಅತಿಯಾಗಿ ಬಿಗಿದ ಬಟ್ಟೆ ಫ್ರೇಮ್ ಬಿಚ್ಚಿದ ಮೇಲೆ ಸುಕ್ಕಾಗುತ್ತದೆ, ಮಾಡಿದ ಕೆಲಸವೆಲ್ಲ ಮುದುಡುತ್ತದೆ. ಅದೂ ನನಗೆ ಗೊತ್ತಿತ್ತು. ಹತ್ತು ವರ್ಷ ಅದೇ ಕೆಲಸ ಮಾಡಿದವಳಿಗೆ ಅದು ಆಗ ನೆನಪಾಗಲಿಲ್ಲ. ಹದಿನಾಲ್ಕು ಕುಪ್ಪಸ ಇದ್ದವು, ಈದ್ ಇತ್ತು, ರಸ್ತೆಯ ಆಚೆ ನಿಂತವನನ್ನು ನೋಡಬೇಕಿತ್ತು. ನೋಡಿದೆ.

ಬೆಳಗಾವಿಗೆ ಇವರೇ ಕರೆದೊಯ್ದರು, ಜೊತೆಗೆ ಅಬ್ಬಾನೂ ಬಂದಿದ್ದರು. ಹೊಸದಾಗಿ ಬಂದ ಬೇನೆ ಎಂದು ಹೇಳಿದ್ದೇವೆ. ದವಾಖಾನೆಯಲ್ಲಿ ಹಳೇ ಕಾಗದ ಕೇಳಿದಾಗ ಅಬ್ಬಾ ಇವರನ್ನು ಚಹಾ ತರಲು ಕಳಿಸಿ ಆಮೇಲೆ ತೋರಿಸಿದರು. ಅತ್ತೆ ಒಮ್ಮೆ ಗೊಣಗಿದ್ದಕ್ಕೆ ಇವರು, "ಬ್ಯಾನಿ ಬಂದ್ರ ಅದು ಆಕಿ ತಪ್ಪೇನವಾ?" ಎಂದು ಊಟ ಬಿಟ್ಟೆದ್ದರು. ನಾನು ಗೋಡೆಗೆ ಮುಖ ಮಾಡಿ ಕೂತಿದ್ದೆ.

ನಿನ್ನ ಹತ್ತಿರ ಅಷ್ಟು ದೊಡ್ಡ ಯಂತ್ರವಿತ್ತಲ್ಲ, ಅದಕ್ಕೂ ನನ್ನ ಸುಳ್ಳು ಸಿಗಲಿಲ್ಲವೇ ಎಂದು ಒಂದೊಂದು ಸಲ ಸಿಟ್ಟು ಬರುತ್ತದೆ. ಅದು ನ್ಯಾಯವಲ್ಲ. ನೀನು ನನ್ನನ್ನು ನಂಬಿದೆ, ನಿನ್ನದು ಅಷ್ಟೇ ತಪ್ಪು.

ನಾಜಿಯಾ


ಗೋಕಾಕ
12 ನವೆಂಬರ್ 2025

ನಾಜಿಯಾ,

ಆರು ತಿಂಗಳಿಂದ ಈ ಪತ್ರವನ್ನು ಬರೆದು ಹರಿಯುತ್ತಿದ್ದೇನೆ. ಫೂಫಿ ಬಿದ್ದು ಸೊಂಟ ಮುರಿದುಕೊಂಡರೆಂದು ಸಂತೆಯಲ್ಲಿ ಹೇಳಿದರು. ಕಾಯುವ ಧೈರ್ಯ ನನಗಿಲ್ಲ, ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಹೆಸರು ನಿನ್ನದೇ ಬರೆದಿದ್ದೇನೆ, ನೀನೇ ಒಡೆಯುತ್ತೀ.

ನಾನು ನಿನ್ನನ್ನು ನಂಬಿರಲಿಲ್ಲ.

ಡಬ್ಬಿ ತೆರೆದ ದಿನವೇ ಗೊತ್ತಾಯಿತು. ಎಡಗಡೆಯ ಲೆನ್ಸಿನ ಅಂಚು ಚಕ್ಕೆ ಎದ್ದಿತ್ತು. ಆ ಲೆನ್ಸ್ ಒಡೆದಾಗ ಹೊಸದನ್ನು ಕೊಡಿಸಿದವಳು ನಾನೇ ಅಲ್ಲವೇ? ಇವೇ ತಾನೆ ಎಂದು ನಾನು ಕೇಳಿದೆ, ಇವೇ ಎಂದೆ ನೀನು. ಆ ಒಂದು ಸಾಲು ನನಗೆ ಬೇಕಾಗಿತ್ತು, ಅದರ ಹಿಂದೆ ನಾನು ಅಡಗಿಕೊಳ್ಳಬಹುದಿತ್ತು. ಏಪ್ರಿಲ್ 15ರಂದು ದೀಪ ಹಿಡಿದು ನೋಡಿದಾಗ ಎರಡೂ ಕಣ್ಣಿನ ಮೇಲೆ ಲೆನ್ಸಿನ ಅಂಚಿನ ಗುರುತು ದುಂಡಗೆ ಇತ್ತು. ಬೆಳಿಗ್ಗೆ ತನಕ ಹಾಕಿದ್ದೆ ನೀನು. ನಾನು ಸುಮ್ಮನಿದ್ದದ್ದು ಅದಕ್ಕೆ. ಡಾಕ್ಟರಿಗೆ ಹೇಳಿದ್ದರೆ ಜೂನ್ ತಿಂಗಳಿಗೆ ಹಾಕುತ್ತಿದ್ದರು, ಮೇ ತಿಂಗಳ ಜಾಗ ತುಂಬಿತ್ತು, ಅಷ್ಟರಲ್ಲಿ ನಿನ್ನ ನಿಕಾಹ್ ಮುಗಿಯುತ್ತಿತ್ತು. ಹಿಂದೆ ಕೂತಿದ್ದ ನಿನ್ನ ಅಬ್ಬಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು. ಗೆಳತಿಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡೆ. ಎಷ್ಟು ದಿನ ಎಂಬ ಜಾಗದಲ್ಲಿ 28 ಎಂದು ಬರೆದೆ.

ದೀಪಕ್ಕೆ ಬಾಲ ಎಂದು ನೀನು ಬರೆದಾಗಲೇ ನನಗೆ ಅರ್ಥವಾಗಿತ್ತು. ಒಣಕಣ್ಣು ಎಂದು ಬರೆದೆ. ಅವಸರವೇನಿಲ್ಲ ಎಂದೂ ಬರೆದೆ. ಆ ಐದು ತಿಂಗಳು ನಾನು ತಿಂದುಹಾಕಿದ್ದು. ನಿನ್ನ ನಕ್ಷೆ ಮತ್ತೆ ತೆಗೆದರೆ ನಾನು ಬರೆದ 28 ಹೊರಬೀಳುತ್ತದೆಂದು ಹೆದರಿದ್ದೆ.

ಕಳೆದ ತಿಂಗಳು ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಕ್ಲಿನಿಕ್ಕಿನ ಬೀಗದ ಕೈ ಇಸಿದುಕೊಂಡರು. ಈಗ ಒಂದು ಔಷಧಿ ಅಂಗಡಿಯಲ್ಲಿ ಇದ್ದೇನೆ. ನಿನಗೆ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ, ಅದಕ್ಕೆ ಹೇಳಿದ್ದೇನೆ. ನಿನ್ನ ಸುಳ್ಳು ನಿನ್ನ ಕಣ್ಣಿನದು, ನನ್ನ ಸುಳ್ಳು ನನ್ನ ಕೆಲಸದ್ದು, ನನ್ನದೇ ದೊಡ್ಡದು. ಕ್ಷಮಿಸು ಎಂದು ಕೇಳುತ್ತೇನೆ. ಉತ್ತರ ಬರೆ, ಬೈದಾದರೂ ಬರೆ.

ವಿದ್ಯಾ


ಮೂಡಲಗಿ
2 ಜನವರಿ 2026

ವಿದ್ಯಾ,

ಕಾಗದವನ್ನು ಆರಿ ಫ್ರೇಮಿನ ಮೇಲೆ ಇಟ್ಟು ಅಡ್ಡಕ್ಕೆ ದಾರ ಕಟ್ಟಿಕೊಂಡು, ದಾರಕ್ಕೆ ಬೆರಳು ತಾಗಿಸಿ ಬರೆಯುತ್ತಿದ್ದೇನೆ. ಸಾಲು ಒಂದರ ಮೇಲೊಂದು ಬಿದ್ದಿದ್ದರೆ ನೀನೇ ಬಿಡಿಸಿಕೊ.

ನಿನಗೆ ಹೇಳದ ಒಂದು ಮಾತಿತ್ತು. ಮಾರ್ಚ್‌ನ ನಿನ್ನ ಪತ್ರ ಓದಲು ನನಗೆ ನಾಲ್ಕು ದಿನ ಬೇಕಾಗಿತ್ತು. ಅದೇ ಕೊನೆಯದು. ಆಮೇಲೆ ಬರೆದದ್ದು ಯಾವುದೂ ನನಗೆ ಓದಲು ಬಂದಿಲ್ಲ. ಬರೆಯಲು ಕೈಗೆ ಗೊತ್ತಿದೆ, ಓದಲು ಕಣ್ಣೇ ಬೇಕು. ನಿನಗೆ ನೋವಾಗುತ್ತದೆಂದು ಹೇಳಿರಲಿಲ್ಲ.

ನಿನ್ನ ಪತ್ರ ಮಧ್ಯಾಹ್ನ ಬಂತು. ಆ ದಿನ ಕಾಲೇಜಿಗೆ ರಜೆ, ಇವರು ಮನೆಯಲ್ಲೇ ಇದ್ದರು. ಅಂಚೆಯವನ ಕೈಯಿಂದ ತಂದು ನನ್ನ ಕೈಗಿಟ್ಟರು. ನಾನು ಒಡೆದು ಕಣ್ಣಿನ ಹತ್ತಿರ ಹಿಡಿದೆ, ಬಾಗಿಲ ಬೆಳಕಿಗೆ ಹಿಡಿದೆ. ಎಷ್ಟು ಹೊತ್ತು ನೋಡುತ್ತ ನಿಂತಿದ್ದರೋ. "ಕೊಡಿಲ್ಲೆ, ನಾ ಓದತೇನಿ" ಎಂದರು. ಬೇಡ ಎನ್ನಲು ನನಗೆ ಕಾರಣ ಹೊಳೆಯಲಿಲ್ಲ. ಗೆಳತಿಯ ಕುಶಲ ಇರಬಹುದು ಎಂದು ನಾನೂ ಅಂದುಕೊಂಡೆ.

ಒಂದಕ್ಷರ ಬಿಡದೆ ಓದಿದರು. ಡಬ್ಬಿಯ ಹತ್ತಿರ ಬಂದಾಗ ಧ್ವನಿ ಸಣ್ಣದಾಯಿತು, ನಿಲ್ಲಿಸಲಿಲ್ಲ. ನೀನು ನಂಬಿರಲಿಲ್ಲ ಎಂಬುದು ನನಗೆ ತಿಳಿದದ್ದೂ, ನಾನು ಯಾರೆಂಬುದು ಅವರಿಗೆ ತಿಳಿದದ್ದೂ ಒಂದೇ ಬಾಯಿಂದ, ಒಂದೇ ಹೊತ್ತಿನಲ್ಲಿ. ಓದಿ ಮುಗಿಸಿ ಮಡಿಸಿ ನನ್ನ ಕೈಯೊಳಗೆ ಇಟ್ಟರು. ಆಮೇಲೆ ಒಂದೇ ಮಾತು ಕೇಳಿದರು.

"ಚಷ್ಮಾದಾಕಿ ಬ್ಯಾಡ ಅಂತ ನಾ ಯಾವಾಗ ಹೇಳಿದ್ದೆ? ನನ್ನ ಯಾರರೆ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ, ವಿದ್ಯಾ. ಅಬ್ಬಾ ಕೇಳಿರಲಿಲ್ಲ, ನಾನು ಕೇಳಿರಲಿಲ್ಲ, ನೀನೂ ಕೇಳು ಎಂದಿರಲಿಲ್ಲ. ಎಂಟು ತಿಂಗಳು ತಾಯಿಯ ಮುಂದೆ ನನ್ನ ಪರವಾಗಿ ಜಗಳಾಡಿದ ಮನುಷ್ಯ ಆತ, ಬೇನೆ ಯಾರ ತಪ್ಪೂ ಅಲ್ಲ ಎಂದು.

ಮೂರನೇ ದಿನ ಮೂಡಲಗಿಗೆ ತಂದು ಬಿಟ್ಟರು. ಬಸ್ಸಿನಿಂದ ಇಳಿಯುವಾಗ ಕೈ ಹಿಡಿದರು, ಓಣಿಯ ತನಕ ಬಿಡಲಿಲ್ಲ. ಅಬ್ಬಾನಿಗೆ, ಚಿಕಿತ್ಸೆಗೆ ಇಲ್ಲಿಂದ ಅನುಕೂಲ, ಆಮೇಲೆ ಬಂದು ಒಯ್ಯುತ್ತೇನೆ ಎಂದರು. ಬೇರೆ ಏನನ್ನೂ ಹೇಳಲಿಲ್ಲ, ನೀರು ಕುಡಿದು ಹೋದರು. ಅವರು ಬರುವುದಿಲ್ಲ. ಹಿಡಿದ ಕೈಯಿಂದಲೇ ನನಗೆ ತಿಳಿಯಿತು, ಕಾಣದವರನ್ನು ರಸ್ತೆ ದಾಟಿಸುವ ಕೈ ಅದು. ಆ ನೀಲಿ ಬೆಳಕಿಗೂ ಇದು ನಿಲ್ಲಲಿಲ್ಲ. ಸತ್ತವರ ಕಣ್ಣು ಸಿಕ್ಕರೆ ಹಾಕುತ್ತಾರಂತೆ, ಬೆಳಗಾವಿಯಲ್ಲಿ ಹೆಸರು ಬರೆಸಿದ್ದೇವೆ. ಸಿಕ್ಕಾಗ ನೋಡಲು ಏನು ಉಳಿದಿರುತ್ತದೋ.

ಕ್ಷಮಿಸು ಎಂದು ಕೇಳಿದ್ದೀ. ಅನ್ನ ಇಳಿಯಲಿ ಎಂದು ಹೇಳಿದೆ ನೀನು, ಈಗ ಇಳಿಯುತ್ತಿರಬಹುದು. ನನ್ನ ಸುಳ್ಳಿಗೆ ನಾನು ನಿನ್ನನ್ನು ಬೈಯಲಾರೆ. ಕ್ಷಮಿಸಲೂ ಆಗುತ್ತಿಲ್ಲ. ಪ್ರಯತ್ನಿಸಿದೆ.

ಅಬ್ಬಾ ಮಾತ್ರ ಖುಷಿಯಲ್ಲಿದ್ದಾರೆ. ಅಳಿಯ ರಮಜಾನ್ ಹೊತ್ತಿಗೆ ಬರುತ್ತಾನೆಂದು ಪಡಸಾಲೆಗೆ ಸುಣ್ಣ ಹೊಡೆಸಿದ್ದಾರೆ. ನೆರೆಯವರ ಮುಂದೆ, ಮಗಳದು ವಿಧಿ, ಮಕ್ಕಳು ಡಾಕ್ಟರು ಹೇಳಿದ್ದೆಲ್ಲ ಚಾಚೂ ತಪ್ಪದೆ ಪಾಲಿಸಿದ್ದರು ಎನ್ನುತ್ತಾರೆ. ನಿನ್ನ ಹೆಸರು ಹೇಳಿ ದುವಾ ಮಾಡುತ್ತಾರೆ.

ಇನ್ನು ನನಗೆ ಪತ್ರ ಬರೆಯಬೇಡ. ಬರೆದರೆ ಅದನ್ನು ಅಬ್ಬಾ ಓದಿ ಹೇಳಬೇಕಾಗುತ್ತದೆ.

ನಾಜಿಯಾ